ಜೋಶಿಯವರಿಗೆ ನೆಗಡಿ!

ಕೊಳಕೂರಿನ ಮನೆಗೆ ಕಲಬುರಗಿಯಿಂದ ಯಾರೋ ಬಳಸಿದ್ದ ಹಳೆಯ ರೆಕಾರ್ಡ್ ಪ್ಲೇಯರ್ ತಂದೆ. ತೀರಿಹೋದ ನನ್ನಾಕೆ ಮೆಚ್ಚಿದ್ದ ಗದಗಿನ ಭೀಮಸೇನ ಜೋಶಿಯವರ ತಟ್ಟೆ ಹಾಕಿದರೆ ಬರೀ ಗೊರಗೊರ! "ಮುತ್ಯಾ, ಇವ್ರಿಗೆ ನೆಗಡಿ ಆಗ್ಯಾದೇನ?" ಎಂದಳು ಮೊಮ್ಮಗಳು. ತಟ್ಟೆಯೇ ಸವೆದಿದೆಯೆಂದು ನನಗೆ ದಿಗಿಲು.

ವೇಗ ನಿಮಿಷಕ್ಕೆ 33⅓ ಸುತ್ತು, ಸರಿಯಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಮುಳ್ಳಿನ ತುದಿಗೆ ಧೂಳಿನ ಉಂಡೆ. ಮೆತ್ತನೆಯ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿದೆವು. ಮಕ್ಕಳೇ, ಅಡ್ಡಡ್ಡ ಒರೆಸಿದರೆ ಮುಳ್ಳು ಮುರಿದೀತು! ಗೊರಗೊರ ಅರ್ಧ ಹೋಯಿತು.

ಉಳಿದರ್ಧ ನನ್ನದೇ ತಪ್ಪು. ತಟ್ಟೆಗೆ ಗೀರು ಬೀಳದಿರಲೆಂದು ತೋಳಿನ ಹಿಂದಿನ ಗುಂಡು ತಿರುಗಿಸಿ ಭಾರ ತೀರಾ ಇಳಿಸಿದ್ದೆ. ಹಗುರಾದ ಮುಳ್ಳು ಗೆರೆಯಲ್ಲಿ ಕೂರದೆ ಅತ್ತಿತ್ತ ಬಡಿದು ತಟ್ಟೆಯನ್ನೇ ಕೆಡಿಸುತ್ತದೆ. ತೋಳನ್ನು ತಕ್ಕಡಿಯಂತೆ ಸಮ ನಿಲ್ಲಿಸಿ, ಆಮೇಲೆ ನಮ್ಮ ಮುಳ್ಳಿಗೆ ಬೇಕಾದ 2 ಗ್ರಾಂ ಭಾರ ಕೊಟ್ಟೆ.

"ನೆಗಡಿ ಹೋಯ್ತು!" ಎಂದು ಕುಣಿದಳು. ನಾನು ಎರಡನೆಯ ಬದಿಗೂ ತಿರುವಿದೆ.