ಕೊಳಚೆ ನೀರಿನ ಜಮೀನಿನಲ್ಲಿ ಭಾರ ಲೋಹ: ಪೈರು ತಾಳಿಕೊಂಡರೆ ಸಾಲದು

ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿಯ ನೀರು ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ಸೇರುತ್ತದೆ. ಇಂಥ ನೀರು ಬೇಸಿಗೆಯಲ್ಲೂ ಬತ್ತುವುದಿಲ್ಲ, ಅದರಲ್ಲಿ ಸಾರಜನಕವೂ ಇರುತ್ತದೆ. ಇದನ್ನು ಬಿಟ್ಟುಬಿಡಿ ಎಂದು ರೈತರಿಗೆ ಹೇಳುವುದು ಸುಲಭ; ಬೇರೆ ನೀರಿಲ್ಲದವರು ಬಿಡುವುದು ಹೇಗೆ? ಲೋಹವನ್ನು ತಾಳಿಕೊಳ್ಳುವ ಬೆಳೆ ಯಾವುದು ಎಂದು ಅವರು ಕೇಳುವುದು ಸಹಜ.

ಇಲ್ಲಿ ಒಂದು ಮಾತನ್ನು ಮೊದಲೇ ತಿಳಿಯಬೇಕು. ಸಸ್ಯಗಳು ಲೋಹವನ್ನು ಎರಡು ರೀತಿಯಲ್ಲಿ ತಾಳುತ್ತವೆ. ಕೆಲವು ಅದನ್ನು ಬೇರಿನಲ್ಲೇ ತಡೆದು ನಿಲ್ಲಿಸುತ್ತವೆ. ಕೆಲವು ಒಳಗೆ ಬಿಟ್ಟುಕೊಂಡು, ಜೀವಕೋಶದ ರಸಕುಹರದಲ್ಲಿ ಕಟ್ಟಿಹಾಕಿ, ತಾವು ಹಸಿರಾಗಿಯೇ ಇರುತ್ತವೆ. ಎರಡನೆಯದು ಗಿಡಕ್ಕೆ ಕ್ಷೇಮ, ತಿನ್ನುವವರಿಗೆ ಅಲ್ಲ. ಸತು, ತಾಮ್ರ ಹೆಚ್ಚಾದರೆ ಪೈರೇ ಸೊರಗಿ ಎಚ್ಚರಿಸುತ್ತದೆ. ಕ್ಯಾಡ್ಮಿಯಂ ಹಾಗಲ್ಲ, ಗಿಡಕ್ಕೆ ತೊಂದರೆ ಕಾಣುವ ಮೊದಲೇ ಮನುಷ್ಯನಿಗೆ ಹಾನಿಯಾಗುವಷ್ಟು ಎಲೆಯಲ್ಲಿ ಸೇರಿರಬಹುದು. ಮೂತ್ರಪಿಂಡ ಸೇರಿದ ಕ್ಯಾಡ್ಮಿಯಂ ಹತ್ತಾರು ವರ್ಷ ಅಲ್ಲೇ ಉಳಿಯುತ್ತದೆ.

ಜಪಾನಿನ ಜಿಂಝು ನದಿಯ ಬಯಲಿನಲ್ಲಿ ಆದದ್ದು ಇದೇ. ಗಣಿಯ ನೀರು ಬೆರೆತ ಗದ್ದೆಯ ಅಕ್ಕಿ ತಿಂದವರ ಮೂಳೆಗಳು ಮೆತ್ತಗಾಗಿ ಮುರಿಯುತ್ತಿದ್ದವು. 'ಇತಾಯಿ ಇತಾಯಿ', ಎಂದರೆ 'ನೋವು ನೋವು', ಎಂದೇ ರೋಗಕ್ಕೆ ಹೆಸರಾಯಿತು. ಕ್ಯಾಡ್ಮಿಯಂ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ 1979ರಲ್ಲಿ ಆರಂಭವಾಗಿ 2012ರಲ್ಲಿ ಮುಗಿಯಿತು.

ಮಣ್ಣಿನಲ್ಲೇ ಕಟ್ಟಿಹಾಕುವುದು

ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ, ಸತು, ನಿಕ್ಕಲ್ ಕರಗಿ ಬೇರಿಗೆ ಸಿಗುತ್ತವೆ. ಆಮ್ಲೀಯ ಕೆಂಪು ಮಣ್ಣಿನಲ್ಲಿ ಪರೀಕ್ಷೆಯಂತೆ ಸುಣ್ಣ ಹಾಕಿ ರಸಸಾರವನ್ನು 6.5ಕ್ಕೆ ಏರಿಸುವುದು ಮೊದಲ ಕೆಲಸ. ಕ್ಷಾರ ಗುಣದ ಕಪ್ಪು ಮಣ್ಣಿಗೆ ಸುಣ್ಣ ಬೇಡ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಲೋಹವನ್ನು ಹಿಡಿದಿಡುತ್ತದೆ. ವಿಷಕಾರಿ ಕ್ರೋಮಿಯಂ ಅನ್ನು ಅಷ್ಟು ಕರಗದ ರೂಪಕ್ಕೆ ತಿರುಗಿಸುತ್ತದೆ. ಗೊಬ್ಬರ ಕೊಳೆತು ಹೋಗುವುದರಿಂದ ಪ್ರತಿ ವರ್ಷ ಹಾಕಬೇಕು. ಪಟ್ಟಣದ ಕಸದ ಗೊಬ್ಬರ ಕೊಳ್ಳುವವರು ಪರೀಕ್ಷಾ ವರದಿ ಕೇಳಿರಿ: ಗೊಬ್ಬರ ನಿಯಂತ್ರಣ ಆದೇಶದಂತೆ ಅದರಲ್ಲಿ ಕಿಲೋಗೆ ಕ್ಯಾಡ್ಮಿಯಂ 5, ಸೀಸ 100 ಮಿಲಿಗ್ರಾಂ ಮೀರಬಾರದು.

ಸತುವಿನ ಕೊರತೆಯಿರುವ ಮಣ್ಣಿನಲ್ಲಿ ಬೇರು ಕ್ಯಾಡ್ಮಿಯಂ ಅನ್ನು ಹೆಚ್ಚು ಎಳೆದುಕೊಳ್ಳುತ್ತದೆ, ಏಕೆಂದರೆ ಇವೆರಡೂ ಗುಣದಲ್ಲಿ ಹತ್ತಿರದವು. ಕೊರತೆ ಕಂಡಲ್ಲಿ ಮಾತ್ರ ಸತುವಿನ ಸಲ್ಫೇಟ್ ಕೊಡುವುದು ಸೂಕ್ತ. ಕೊಳಚೆ ನೀರಿನ ಜಮೀನಿನಲ್ಲಿ ಸತು ಮೊದಲೇ ಅಧಿಕವಾಗಿರಬಹುದು.

ಭತ್ತದ ಗದ್ದೆಯಲ್ಲಿ ತೆನೆ ಹೊರಡುವ ಮೂರು ವಾರ ಮೊದಲಿನಿಂದ ಮೂರು ವಾರ ನಂತರದವರೆಗೆ ನೀರು ನಿಲ್ಲಿಸಿದರೆ ಕ್ಯಾಡ್ಮಿಯಂ ಗಂಧಕದೊಡನೆ ಸೇರಿ ಕರಗದಂತಾಗುತ್ತದೆ. ಆದರೆ ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ಇದೇ ಕ್ರಮದಿಂದ ಅದು ಕರಗಿ ಕಾಳು ಸೇರುತ್ತದೆ. ಯಾವ ಲೋಹ ಎಂದು ತಿಳಿಯದೆ ಉಪಾಯ ಹೂಡಬಾರದು.

ತಳಿ ಮತ್ತು ಬೆಳೆ

ಜಪಾನಿನ ವಿಜ್ಞಾನಿಗಳು ಕೋಶಿಹಿಕಾರಿ ಭತ್ತದಿಂದ, ಕ್ಯಾಡ್ಮಿಯಂ ಅತ್ಯಲ್ಪವಾಗಿ ಹೀರುವ ತಳಿಯನ್ನು ಪಡೆದು 2012ರಲ್ಲಿ ವರದಿ ಮಾಡಿದರು. ಬೇರಿನಲ್ಲಿ ಮ್ಯಾಂಗನೀಸ್ ಒಳಬರುವ ದಾರಿಯಿಂದಲೇ ಕ್ಯಾಡ್ಮಿಯಂ ನುಸುಳುತ್ತದೆ. ಆ ದಾರಿಯೇ ಈ ತಳಿಯಲ್ಲಿ ಕೆಟ್ಟಿದೆ. ನಮಗೆ ಬೇಕಾದ ತಾಳಿಕೆ ಇಂಥದ್ದು. ಅಲ್ಲಿಯವರೆಗೆ ಬೆಳೆಯ ಆಯ್ಕೆಯೇ ಆಧಾರ. ಪಾಲಕ್, ದಂಟು ಮುಂತಾದ ಸೊಪ್ಪುಗಳನ್ನೂ ಮೂಲಂಗಿ, ಕ್ಯಾರೆಟ್‌ಗಳನ್ನೂ ಇಂಥ ಜಮೀನಿನಲ್ಲಿ ಬೆಳೆಯದಿರುವುದು ಒಳ್ಳೆಯದು. ಸೊಪ್ಪನ್ನು ತೊಳೆದರೆ ಮೇಲಿನ ಧೂಳಿನ ಸೀಸ ಹೋದೀತು, ಒಳಗಿನ ಕ್ಯಾಡ್ಮಿಯಂ ಹೋಗದು. ಕಾಳು, ಕಾಯಿಗಳಲ್ಲಿ ಸಾಮಾನ್ಯವಾಗಿ ಕಡಿಮೆ. ಹೂವು, ಮರಮಟ್ಟು ಇನ್ನೂ ನಿಶ್ಚಿಂತೆ.

ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸೀಸ, ಕ್ಯಾಡ್ಮಿಯಂ ನೋಡುವುದಿಲ್ಲ, ಪ್ರತ್ಯೇಕವಾಗಿ ಕೇಳಬೇಕು. ನೀರು ಹಾಯುವ ತಲೆಕಟ್ಟಿನ ಮಣ್ಣನ್ನೂ ಕೊನೆಯ ತಾಕಿನ ಮಣ್ಣನ್ನೂ ಬೆರೆಸದೆ, ತುಕ್ಕು ಹಿಡಿದ ಸಲಿಕೆ, ಸತು ಲೇಪದ ಬಕೆಟ್ ಬಳಸದೆ, ಬೇರೆ ಬೇರೆ ಪ್ಲಾಸ್ಟಿಕ್ ಚೀಲಗಳಲ್ಲಿ ಕಳುಹಿಸಿರಿ.