ಮೇಜಿನ ಮೇಲೊಂದು ಹಳೆಯ ಸ್ಟೇಶನ್

ಸೋಲಾಪುರ, ಅಕ್ಕಲಕೋಟ ಭಾಗದ ವ್ಯಾಪಾರಿ ಮನೆತನಗಳಿಗೆ ರೈಲು ಹೊಸದಲ್ಲ. ನಮ್ಮ ಹಿರಿಯರು ಮಾರಿದ ಹತ್ತಿ, ಜೋಳ, ಚಾದರ ರೈಲಿನಿಂದಲೇ ಊರೂರಿಗೆ ಹೋದವು. ಈಗ ನಮ್ಮ ಮನೆಗಳಲ್ಲಿ ಮೊಮ್ಮಕ್ಕಳಿಗೆ ಹಳಿಯ ಮೇಲೆ ಓಡುವ ಚಿಕ್ಕ ವಿದ್ಯುತ್ ರೈಲು ತಂದು ಕೊಡುವ ರೂಢಿ ಬಂದಿದೆ. ಅದು ನಾಲ್ಕು ದಿನ ಗಿರಗಿರನೆ ಸುತ್ತುತ್ತದೆ, ಐದನೆಯ ದಿನ ಕಪಾಟು ಸೇರುತ್ತದೆ. ಬರೀ ಸುತ್ತುವ ರೈಲು ಮಕ್ಕಳಿಗೆ ಬೇಗ ಬೇಸರವಾಗುತ್ತದೆ. ಅದಕ್ಕೆ ಒಂದು ಸ್ಟೇಶನ್, ಒಂದು ಪೇಟೆ, ನಾಲ್ಕು ಬೇವಿನ ಗಿಡ ಬೇಕು. ರೈಲನ್ನು ದುಡ್ಡು ಕೊಟ್ಟು ತರಬೇಕು. ಊರನ್ನು ಮಾತ್ರ ಅಂಗಡಿಯ ರಟ್ಟು, ಕಾಗದಗಳಿಂದ ಮನೆಮಂದಿ ಕೂಡಿ ಕಟ್ಟಬಹುದು. ಹಾಗೆ ಕಟ್ಟುವ ಬಗೆಯನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಪೇಟೆಯಲ್ಲಿ ಸಿಗುವ ತಯಾರಿ ಮನೆಗಳು ಹೆಚ್ಚಾಗಿ ಜರ್ಮನಿ, ಇಂಗ್ಲೆಂಡಿನ ನಮೂನೆಯವು. ಹಿಮ ಜಾರುವಂಥ ಚೂಪು ಮಾಡಿನ ಆ ಮನೆಗಳಿಗೂ ನಮ್ಮ ಎರೆಭೂಮಿಗೂ ಏನು ಸಂಬಂಧ? ನಮ್ಮ ಸೀಮೆಯ ಚರಿತ್ರೆಯೇ ಬೇಕಾದಷ್ಟಿದೆ. 1853ರಲ್ಲಿ ಮುಂಬೈ-ಠಾಣೆಯ ನಡುವೆ ಹೊರಟ ಜಿ.ಐ.ಪಿ. ರೈಲು 1860ರಲ್ಲಿ ಸೋಲಾಪುರಕ್ಕೆ ಬಂದಿತು. ಮುಂದೆ ಹೋಟಗಿ, ಅಕ್ಕಲಕೋಟ ರೋಡ್, ಕಲಬುರ್ಗಿಗಳ ಮೇಲಿಂದ 1871ರಲ್ಲಿ ರಾಯಚೂರು ಮುಟ್ಟಿತು. ಹೋಟಗಿಯಿಂದ ವಿಜಾಪುರ, ಗದಗಿನ ಕಡೆಗೆ ಮೀಟರ್‌ಗೇಜ್ ಹಳಿ ಹೋಯಿತು. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಸಿಗೆ ಎರಡೂವರೆ ಫೂಟಿನ ಸಣ್ಣ ರೈಲು ಹೊರಟಿತು. ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಇಂಗ್ಲಿಷ್ ಇಂಜಿನಿಯರ್ ಕಟ್ಟಿದ ಈ ಬಾರ್ಸಿ ಲೈಟ್ ರೈಲ್ವೆ ಮುಂದೆ ಪಂಢರಪುರ, ಲಾತೂರ, ಮಿರಜಗಳಿಗೆ ಹಬ್ಬಿತು. ಸೋಲಾಪುರದಲ್ಲಿ 1882ರಲ್ಲಿ ಹುಟ್ಟಿದ ನಮ್ಮ ಸಮಾಜದ ಶೇಠ ವಾಲಚಂದ ಹಿರಾಚಂದರು ಫಾಟಕ್ ಅವರ ಜೊತೆಗೂಡಿ ಗುತ್ತಿಗೆದಾರಿಕೆ ಆರಂಭಿಸಿದ್ದು ಇದೇ ಬಾರ್ಸಿ ರೈಲಿನ ಕೆಲಸದಿಂದ. ಮುಂದೆ ಹಡಗು, ವಿಮಾನದ ಉದ್ಯಮ ಕಟ್ಟಿದ ಮನುಷ್ಯನ ಮೊದಲ ಹೆಜ್ಜೆ ಈ ಸಣ್ಣ ಹಳಿಯ ಮೇಲೆ ಬಿದ್ದಿತ್ತೆಂದು ನಮ್ಮ ಮಕ್ಕಳಿಗೆ ಗೊತ್ತಿರಬೇಡವೇ?

ಕಟ್ಟುವ ಮೊದಲು ಮಿತಿ ಗೊತ್ತುಮಾಡಬೇಕು. ಕೀರ್ದಿಯಲ್ಲಿ ಮಿತಿ ಇಲ್ಲದೆ ಒಂದು ಸಾಲನ್ನೂ ನಾವು ಬರೆಯುವುದಿಲ್ಲ. ಹಾಗೆಯೇ ಈ ಊರು ಯಾವ ವರ್ಷದ್ದು ಎಂಬುದನ್ನು ಮೊದಲೇ ಬರೆದಿಡಬೇಕು. 1938 ಎಂದು ಬರೆದೆವೆನ್ನಿ. ಆಗ ಅಕ್ಕಲಕೋಟ ಭೋಸಲೆ ಮನೆತನದ ಸಂಸ್ಥಾನ, ಅದು ವಿಲೀನವಾದದ್ದು 1948ರಲ್ಲಿ. ಸ್ಟೇಶನ್ನಿನ ಫಲಕದ ಮೇಲೆ ಜಿ.ಐ.ಪಿ. ಎಂದೇ ಇರಬೇಕು, ಮಧ್ಯ ರೈಲ್ವೆ ಹುಟ್ಟಿದ್ದು 1951ರಲ್ಲಿ. ಊರು ಸ್ಟೇಶನ್ನಿನಿಂದ ಹತ್ತು ಕಿಲೋಮೀಟರಿಗಿಂತ ಹೆಚ್ಚು ದೂರವಾದ್ದರಿಂದ ಹೊರಗೆ ಟಾಂಗಾ, ಚಕ್ಕಡಿ ನಿಂತಿರಬೇಕು. ಸರಕಾರಿ ಎಸ್.ಟಿ. ಬಸ್ಸು ಆರಂಭವಾದದ್ದೇ 1948ರಲ್ಲಿ, ಆದ್ದರಿಂದ ಅದು ಅಲ್ಲಿ ಸಲ್ಲದು. ಕಿರಾಣಿ ಅಂಗಡಿಯ ಫಲಕದಲ್ಲಿ ದರ ಆಣೆ-ಪೈಯಲ್ಲಿ, ತೂಕ ಶೇರು-ಮಣದಲ್ಲಿ ಇರಬೇಕು. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ ಒಂದರಂದು. ಒಂದು ತಪ್ಪು ಸಾಲಿನಿಂದ ಇಡೀ ತಾಳೆ ಕೆಡುವಂತೆ, ಒಂದು ಪ್ಲಾಸ್ಟಿಕ್ ಕೊಡದಿಂದ ಇಡೀ ಊರು ಸುಳ್ಳಾಗುತ್ತದೆ.

ಇನ್ನು ಅಳತೆ. ಹೆಚ್ಚು ಬಳಕೆಯಲ್ಲಿರುವ ಮಾದರಿ ರೈಲಿನ ಪ್ರಮಾಣ 87ಕ್ಕೆ 1. ಇದನ್ನು ಎಚ್.ಓ. ಎನ್ನುತ್ತಾರೆ. ನಿಜವಾದ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದು 87ರಿಂದ ಭಾಗಿಸಿದರೆ ಆಯಿತು. ಏಳು ಫೂಟಿನ ಬಾಗಿಲು ಇಪ್ಪತ್ನಾಲ್ಕೂವರೆ ಮಿ.ಮೀ. ಆಗುತ್ತದೆ. ಐದೂವರೆ ಫೂಟಿನ ಮನುಷ್ಯ 19 ಮಿ.ಮೀ. ಆರು ನೂರು ಫೂಟಿನ ಫಲಾಟು ಮಾತ್ರ ಎರಡು ಮೀಟರ್ ಮೀರುತ್ತದೆ, ಅಷ್ಟು ಮೇಜು ಎಲ್ಲರ ಮನೆಯಲ್ಲಿಲ್ಲ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಭಾಗಿಸಿದರೆ 19 ದಾಟುತ್ತದೆ. ಅಂಗಡಿಯ ಎಚ್.ಓ. ಹಳಿ ಹದಿನಾರೂವರೆ ಮಾತ್ರ. ಬಾರ್ಸಿಯ ಹಳಿ 762 ಮಿ.ಮೀ., ಭಾಗಿಸಿದರೆ ಒಂಬತ್ತಕ್ಕೆ ಸ್ವಲ್ಪ ಕಡಿಮೆ. 9 ಮಿ.ಮೀ. ಹಳಿ ಪೇಟೆಯಲ್ಲಿ ತಯಾರೇ ಸಿಗುತ್ತದೆ. ಆದ್ದರಿಂದ ಚಿಕ್ಕ ಮೇಜಿಗೆ ಬಾರ್ಸಿ ರೈಲೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ಗೋಡೆಗೆ ಚಾದರ, ಸೀರೆಗಳ ಪೆಟ್ಟಿಗೆಯ ಗಟ್ಟಿ ರಟ್ಟು ಸಾಕು. ಮೊಂಡು ಸೂಜಿಯಿಂದ ಕಲ್ಲಿನ ಸಾಲು ಗೀರಿ, ಕರಿಗಲ್ಲಿನ ಬಣ್ಣ ಕೊಡಬೇಕು. ಎಲ್ಲ ಕಲ್ಲೂ ಒಂದೇ ಬಣ್ಣ ಆಗಬಾರದು, ಅಲ್ಲಲ್ಲಿ ಬೂದಿ, ಅಲ್ಲಲ್ಲಿ ಕಂದು ಇರಲಿ. ಮಂಗಳೂರು ಹೆಂಚಿಗೆ ಕೆಂಪು ಕಾಗದದ ಪಟ್ಟಿ ಕತ್ತರಿಸಿ, ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಅಂಟಿಸಬೇಕು. ತಗಡಿನ ಮಾಡಿಗೆ ಪಾರ್ಸಲ್ ಡಬ್ಬಿಯ ಸುಕ್ಕು ಕಾಗದ ನಡೆಯುವುದಿಲ್ಲ. ನಿಜವಾದ ತಗಡಿನ ಅಲೆ ಮೂರು ಇಂಚು, ಭಾಗಿಸಿದರೆ ಒಂದು ಮಿ.ಮೀ. ಸಹ ಇಲ್ಲ. ಸಣ್ಣ ಎಳೆಯ ಬೋಲ್ಟಿನ ಮೇಲೆ ಅಡಿಗೆಮನೆಯ ಅಲ್ಯುಮಿನಿಯಂ ಹಾಳೆ ಒತ್ತಿದರೆ ಸರಿಯಾದ ಅಲೆ ಮೂಡುತ್ತದೆ. ನೆಲಕ್ಕೆ ಬಿಸಿಲಲ್ಲಿ ಒಣಗಿಸಿ ಜರಡಿ ಹಿಡಿದ ಎರೆಮಣ್ಣು, ಹಳಿಯ ಕೆಳಗೆ ಜರಡಿ ಹಿಡಿದ ಕರಿಗಲ್ಲಿನ ಪುಡಿ. ಗಿಡಕ್ಕೆ ಹೊಸೆದ ತಾಮ್ರದ ತಂತಿ, ಎಲೆಗೆ ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿದ ಕಟ್ಟಿಗೆ ಪುಡಿ. ಎಲುಬು-ತೊಗಲಿನಿಂದ ಕಾಸಿದ ಬಡಗಿಯ ಅಂಟು ನಮಗೆ ಬೇಡ, ಮೈದಾ ಅಂಟು, ಫೆವಿಕಾಲ್ ಸಾಕು. ಕುಂಚವೂ ಕೂದಲಿನದು ಬೇಡ, ನೈಲಾನಿನದು ಇರಲಿ.

ಕಟ್ಟಡ ಹೊಸದಾಗಿ ಹೊಳೆಯಬಾರದು. ಉಗಿ ಇಂಜಿನ್ ನಿಲ್ಲುವ ಜಾಗದ ಮೇಲಿನ ಮಾಡಿಗೆ ಕಾಡಿಗೆಯ ಹೊಗೆ ಬಣ್ಣ, ಗೋಡೆಯ ಬುಡಕ್ಕೆ ಮಣ್ಣಿನ ಬಣ್ಣ, ನೀರಿನ ಟಾಕಿಯ ಕೆಳಗೆ ಹಸಿರು ಪಾಚಿ ಬರಬೇಕು. ಕೈ ಇಳಿಸಿ ನಿಂತ ಸಿಗ್ನಲ್ಲು, ಕಲ್ಲಿದ್ದಲ ರಾಶಿ, ಗಂಟೆಯಾಗಿ ತೂಗುಹಾಕಿದ ಹಳಿಯ ತುಂಡು, ಬಿಳಿ ಸುಣ್ಣ ಹಚ್ಚಿದ ಕಲ್ಲುಗಳ ಸಾಲು ಮರೆಯಬಾರದು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಳೆಯ ಕಾಲವೆಂದರೆ ಬರೀ ಚಂದ ಎಂದು ಮಕ್ಕಳು ತಿಳಿಯಬಾರದು. ಆ ಕಾಲದ ಫಲಾಟಿನ ಮೇಲೆ ಹಿಂದೂ ಪಾನಿ, ಮುಸ್ಲಿಂ ಪಾನಿ ಎಂದು ಬೇರೆ ಬೇರೆ ನೀರು ಇಡುತ್ತಿದ್ದರು. ನಮ್ಮ ಮಾದರಿಯಲ್ಲಿ ಆ ಎರಡು ಹರವಿಗಳೂ ಇರಬೇಕು. ಮಗು ಯಾಕೆ ಎರಡು ಎಂದು ಕೇಳುತ್ತದೆ, ಆಗ ಉತ್ತರ ಕೊಡುವುದು ಹಿರಿಯರ ಕರ್ತವ್ಯ. 1930ರ ಮೇ ತಿಂಗಳ ಸೋಲಾಪುರವನ್ನು ಕಟ್ಟುವವರು ಬೀದಿಯಲ್ಲಿ ಸೈನಿಕರನ್ನು ನಿಲ್ಲಿಸಬೇಕು, ಆಗ ಊರಲ್ಲಿ ಮಾರ್ಶಲ್ ಲಾ ಇತ್ತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ ಈ ನಾಲ್ವರು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿದರು. ನೀರು ಬೇರೆ ಇಟ್ಟ ಕಾಲದಲ್ಲಿಯೇ ಈ ನಾಲ್ವರು ಒಟ್ಟಿಗೆ ಪ್ರಾಣ ಕೊಟ್ಟರೆಂಬುದನ್ನು ಮೇಜಿನ ಮುಂದೆ ಕೂತು ಹೇಳಿದರೆ ಮಗು ಮರೆಯುವುದಿಲ್ಲ.

ಈ ಕೆಲಸಕ್ಕೆ ತಡ ಮಾಡುವಂತಿಲ್ಲ. ಈ ಶತಮಾನದ ಮೊದಲ ಹತ್ತು-ಹನ್ನೆರಡು ವರ್ಷಗಳಲ್ಲಿ ಬಾರ್ಸಿಯ ಸಣ್ಣ ಹಳಿ ಹೋಗಿ ಬ್ರಾಡ್‌ಗೇಜ್ ಬಂದಿತು, ವಿಜಾಪುರದ ಮೀಟರ್‌ಗೇಜೂ ಹೋಯಿತು. 2023ರಲ್ಲಿ ಮುಂಬೈ-ಸೋಲಾಪುರ ವಂದೇ ಭಾರತ್ ಬಂದಿತು. ಅನುಕೂಲ ಹೆಚ್ಚಿತು, ಸಂತೋಷವೇ. ಆದರೆ ಹಳೆಯ ವಖಾರಿ, ಗೂಡ್ಸ್ ಶೆಡ್ಡು ಒಂದೊಂದಾಗಿ ಬೀಳುತ್ತಿವೆ. ಬಿದ್ದ ಮೇಲೆ ಅಳೆಯುವುದು ಏನನ್ನು?

ರಜೆಯಲ್ಲಿ ಮಕ್ಕಳ ಕೈಗೆ ಟೇಪು, ವಹಿ ಕೊಟ್ಟು ಕರೆದೊಯ್ಯಿರಿ. ಸ್ಟೇಶನ್ ಮಾಸ್ತರರ ಪರವಾನಗಿ ಪಡೆಯಿರಿ, ಹಳಿಯ ಮೇಲೆ ಕಾಲಿಡಬೇಡಿರಿ. ಇಟ್ಟಂಗಿ ಎಣಿಸಿದರೆ ಗೋಡೆಯ ಎತ್ತರ ಸಿಗುತ್ತದೆ. ಕೈಯಲ್ಲಿ ಕೋಲು ಹಿಡಿದು ಒಬ್ಬನನ್ನು ಗೋಡೆಗೆ ನಿಲ್ಲಿಸಿ ಫೋಟೋ ತೆಗೆದರೂ ಅಳತೆ ಬರುತ್ತದೆ. ಪುಣೆಗೆ ಹೋದಾಗ ಕೋಥರೂಡದ ಜೋಶಿಯವರ ಕಿರು ರೈಲು ಸಂಗ್ರಹಾಲಯವನ್ನು ತೋರಿಸಿರಿ. 1998ರಲ್ಲಿ ತೆರೆದ ಅಲ್ಲಿ 87ಕ್ಕೆ 1ರ ಪ್ರಮಾಣದ ಇಡೀ ಊರೇ ಇದೆ. ಮನೆಗೆ ಬಂದು ಅಜ್ಜ-ಅಜ್ಜಿಯರನ್ನು ಮೇಜಿನ ಹತ್ತಿರ ಕೂಡಿಸಿರಿ. ಟಾಂಗಾ ಎಲ್ಲಿ ನಿಲ್ಲುತ್ತಿತ್ತು, ಹಮಾಲರು ಚೀಲ ಎಲ್ಲಿ ಇಳಿಸುತ್ತಿದ್ದರು ಎಂಬುದು ಯಾವ ಪುಸ್ತಕದಲ್ಲೂ ಸಿಗದು. ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿಯೇ ಮಗು ಆ ಚಕ್ಕಡಿಯನ್ನು ಅಂಟಿಸಲಿ.