ವಿಲ್ಲರ್ಡ್‌ನ ಅಟ್ಟದಲ್ಲಿ ಉಳಿದ ಪೆಟ್ಟಿಗೆಗಳು

1995ರಲ್ಲಿ ನ್ಯೂಯಾರ್ಕ್ ರಾಜ್ಯದ ವಿಲ್ಲರ್ಡ್ ಮಾನಸಿಕ ಆಸ್ಪತ್ರೆಗೆ ಬೀಗ ಹಾಕುವ ಕೆಲಸ ನಡೆದಿತ್ತು. ಹಳೆಯ ಸಾಮಾನು ವಿಲೇವಾರಿ ಮಾಡುತ್ತಿದ್ದ ನೌಕರೆ ಬೆವರ್ಲಿ ಕೋರ್ಟ್‌ರೈಟ್ ಒಂದು ಕಟ್ಟಡದ ಅಟ್ಟಕ್ಕೆ ಹೋದಾಗ ಸಿಕ್ಕಿದ್ದು ನಾನೂರಕ್ಕೂ ಹೆಚ್ಚು ಸೂಟ್‌ಕೇಸು, ಟ್ರಂಕು, ಚೀಲಗಳು. ಗಂಡಸರವು ಒಂದು ಕಡೆ, ಹೆಂಗಸರವು ಇನ್ನೊಂದು ಕಡೆ, ಅಕ್ಷರಾನುಕ್ರಮದಲ್ಲಿ ಓರಣವಾಗಿ ಜೋಡಿಸಿದ್ದವು. ಆಸ್ಪತ್ರೆಗೆ ಸೇರುವ ದಿನ ರೋಗಿಗಳು ಕೈಯಲ್ಲಿ ಹಿಡಿದು ಬಂದಿದ್ದ ಗಂಟುಮೂಟೆಗಳವು. ಹೆಚ್ಚಿನವು 1910ರಿಂದ 1960ರ ದಶಕದವರೆಗಿನವು. ಅವುಗಳ ಒಡೆಯರು ಮತ್ತೆ ಅವನ್ನು ಎತ್ತಿಕೊಂಡು ಮನೆಗೆ ಹೊರಡಲಿಲ್ಲ. ರಾಜ್ಯ ವಸ್ತುಸಂಗ್ರಹಾಲಯದ ಕ್ರೇಗ್ ವಿಲಿಯಮ್ಸ್ ಮುಂದೆ ಬಂದು ಸಾಗಿಸದಿದ್ದರೆ ಎಲ್ಲವೂ ಕಸಕ್ಕೆ ಹೋಗುತ್ತಿತ್ತು.

ಸೆನೆಕಾ ಸರೋವರದ ದಂಡೆಯ ಈ ಆಸ್ಪತ್ರೆ ಹುಟ್ಟಿದ್ದು ಕರುಣೆಯಿಂದಲೇ. ಅದಕ್ಕೂ ಮೊದಲು ಬುದ್ಧಿ ಕೆಟ್ಟವರೆನಿಸಿಕೊಂಡ ಬಡವರನ್ನು ಜಿಲ್ಲೆಗಳ ನಿರ್ಗತಿಕರ ಆಶ್ರಮಗಳಲ್ಲಿ ಕೂಡಿಹಾಕುತ್ತಿದ್ದರು. ಅವರ ಸ್ಥಿತಿಯ ಸಮೀಕ್ಷೆ ನಡೆಸಿ, 1865ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟವರು ಡಾ. ಸಿಲ್ವೆಸ್ಟರ್ ವಿಲ್ಲರ್ಡ್. ಅದೇ ವರ್ಷ ಟೈಫಾಯ್ಡ್‌ಗೆ ಬಲಿಯಾದ ಅವರ ಹೆಸರನ್ನೇ ಆಸ್ಪತ್ರೆಗೆ ಇಟ್ಟರು. 1869ರ ಅಕ್ಟೋಬರಿನಲ್ಲಿ ಬಂದ ಮೊದಲ ರೋಗಿ ಒಬ್ಬ ಹೆಂಗಸು. ಹತ್ತು ವರ್ಷ ಕತ್ತಲೆ ಕೋಣೆಯಲ್ಲಿ ಕಳೆದಿದ್ದ ಆಕೆಯ ಕೈಗೆ ಸರಪಳಿ ಬಿಗಿದಿತ್ತು. ಅದೇ ದಿನ ಬಂದ ಇನ್ನೊಬ್ಬನನ್ನು ಕೋಳಿಗೂಡಿನಂಥ ಪಂಜರದಲ್ಲಿ ತುಂಬಿ ತಂದಿದ್ದರು. ಅಂಥವರ ಸಂಕೋಲೆ ಕಳಚಿ, ಮೈತೊಳೆಸಿ, ಊಟ ಹಾಕಿದ ಕೀರ್ತಿ ವಿಲ್ಲರ್ಡ್‌ಗೆ ಸಲ್ಲಬೇಕು.

ಆಮೇಲಿನ ಕಥೆ ಬೇರೆ. ಒಂದು ದಶಕ ತುಂಬುವ ಮೊದಲೇ ಅದು ಅಮೆರಿಕದ ಅತಿ ದೊಡ್ಡ ಹುಚ್ಚಾಸ್ಪತ್ರೆಯಾಯಿತು. ಹೊಲ, ಹೈನು, ಹೊಲಿಗೆ ಎಲ್ಲವೂ ರೋಗಿಗಳ ಸಂಬಳವಿಲ್ಲದ ದುಡಿಮೆಯಲ್ಲೇ ನಡೆದವು. ಒಟ್ಟು ಸುಮಾರು 54,000 ಮಂದಿ ಅಲ್ಲಿಗೆ ಸೇರಿದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅಲ್ಲೇ ಸತ್ತರು.

ಬರಹಗಾರ್ತಿ ಡಾರ್ಬಿ ಪೆನ್ನಿ ಮತ್ತು ಮನೋವೈದ್ಯ ಪೀಟರ್ ಸ್ಟಾಸ್ಟ್ನಿ ಈ ಪೆಟ್ಟಿಗೆಗಳನ್ನೂ ಆಸ್ಪತ್ರೆಯ ಕಡತಗಳನ್ನೂ ಎದುರುಬದುರು ಇಟ್ಟು ಓದಿದರು. ಕಡತದಲ್ಲಿ ರೋಗದ ಹೆಸರು, ವರ್ತನೆಯ ಬಗ್ಗೆ ಒಂದೆರಡು ಸಾಲು. ಪೆಟ್ಟಿಗೆಯಲ್ಲಿ ಫೋಟೊ, ಪತ್ರ, ಬಟ್ಟೆಬರೆ. ಬ್ರೂಕ್ಲಿನ್‌ನ ಒಬ್ಬ ಕಪ್ಪುವರ್ಣೀಯ ಮಾಜಿ ಸೈನಿಕನ ವಿಷಯ ನೋಡಿ. 1945ರಲ್ಲಿ ಹೋಟೆಲಿನಲ್ಲಿ ಒಡೆದ ತಟ್ಟೆಯಲ್ಲಿ ಊಟ ಕೊಟ್ಟರೆಂದು ಸಿಟ್ಟಿಗೆದ್ದು ಬೀದಿಯ ಕಸದ ಡಬ್ಬಿಗಳನ್ನು ಒದ್ದ. ಪೊಲೀಸರು ಹಿಡಿದು ಆಸ್ಪತ್ರೆಗೆ ಒಯ್ದರು. ಉಳಿದ ಆಯುಸ್ಸೆಲ್ಲ ಆಸ್ಪತ್ರೆಗಳಲ್ಲೇ ಕಳೆಯಿತು. ಅವನ ಪೆಟ್ಟಿಗೆಯಲ್ಲಿದ್ದದ್ದು ಸೈನ್ಯದ ಸಮವಸ್ತ್ರ. ಆ ತಟ್ಟೆಯಲ್ಲಿ ಅವನು ಕಂಡ ಅವಮಾನವನ್ನು ರೋಗ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ದಿಕ್ಕೆಟ್ಟ ಉಕ್ರೇನಿನ ವಲಸಿಗನೊಬ್ಬ ಅಧ್ಯಕ್ಷ ಟ್ರೂಮನ್ ಅವರ ಮಗಳನ್ನೇ ಮದುವೆಯಾಗುವೆನೆಂದು ವಾಷಿಂಗ್ಟನ್‌ಗೆ ಹೊರಟವನು. ಅವನಿಗೆ ಭ್ರಮೆ ಇತ್ತು, ನಿಜ. ಆದರೆ ಆಸ್ಪತ್ರೆಯಲ್ಲಿ ಕೂತು ಅವನು ಬಿಡಿಸಿದ ಚಿತ್ರಗಳು ಬೇರೊಬ್ಬ ಮನುಷ್ಯನನ್ನು ತೋರಿಸುತ್ತವೆ.

2004ರಲ್ಲಿ ನ್ಯೂಯಾರ್ಕ್ ರಾಜ್ಯ ವಸ್ತುಸಂಗ್ರಹಾಲಯದಲ್ಲಿ ಈ ಪೆಟ್ಟಿಗೆಗಳ ಪ್ರದರ್ಶನ ನಡೆಯಿತು. 2008ರಲ್ಲಿ ಪೆನ್ನಿ ಮತ್ತು ಸ್ಟಾಸ್ಟ್ನಿಯವರ ಪುಸ್ತಕ ಬಂತು. ಛಾಯಾಗ್ರಾಹಕ ಜಾನ್ ಕ್ರಿಸ್ಪಿನ್ ಆಮೇಲೆ ಒಂದೊಂದೇ ಪೆಟ್ಟಿಗೆ ತೆರೆದು ಚಿತ್ರ ತೆಗೆದರು. ಇವರೆಲ್ಲರಿಗೂ ಒಂದೇ ತೊಡಕು: ರೋಗಿಗಳ ಪೂರ್ತಿ ಹೆಸರು ಬಳಸುವಂತಿರಲಿಲ್ಲ. ಖಾಸಗಿತನದ ಕಾನೂನು ಅಡ್ಡ ಬರುತ್ತಿತ್ತು.

ಆಸ್ಪತ್ರೆಯ ಸ್ಮಶಾನದಲ್ಲೂ ಇದೇ ಕಥೆ. ಅಲ್ಲಿ 5,776 ಗೋರಿಗಳಿವೆ. ಗುರುತಿಗೆ ಇಟ್ಟದ್ದು ಹೆಸರಲ್ಲ, ನಂಬರು. ಅವುಗಳಲ್ಲಿ ಸುಮಾರು 1,500 ಗುಂಡಿಗಳನ್ನು ತೋಡಿದವರು ಲಾರೆನ್ಸ್ ಮೋಕಾ ಎಂಬ ರೋಗಿಯೇ. 1968ರಲ್ಲಿ 90ರ ವಯಸ್ಸಿನಲ್ಲಿ ತೀರಿಕೊಂಡಾಗ ಅವರನ್ನೂ ಹೆಸರಿಲ್ಲದೆ ಅಲ್ಲೇ ಹೂಳಿದರು. ನಿವೃತ್ತ ಶಿಕ್ಷಕಿ ಕಾಲೀನ್ ಸ್ಪೆಲೆಸಿ ಮತ್ತು ಜೊತೆಗಾರರು ಮೋಕಾ ಅವರ ಹೆಸರಿನ ಫಲಕಕ್ಕಾಗಿ ವರ್ಷಗಟ್ಟಲೆ ಅಲೆದರು. ರಾಜ್ಯದ ಮಾನಸಿಕ ಆರೋಗ್ಯ ಇಲಾಖೆ ಮೊದಲು ಒಪ್ಪಲಿಲ್ಲ. ಕೊನೆಗೆ 2015ರಲ್ಲಿ ಫಲಕ ಬಂತು.

ಬದುಕಿರುವ ರೋಗಿಯ ಗುಟ್ಟು ಕಾಯಲು ಕಾನೂನು ಬೇಕೇ ಬೇಕು. ಸತ್ತು ಅರ್ಧ ಶತಮಾನ ಕಳೆದವರ ವಿಷಯದಲ್ಲಿ ಮಾತ್ರ ಅದು ಆಸ್ಪತ್ರೆಯ ಮುಖ ಉಳಿಸುತ್ತದೆಯೇ ಹೊರತು ರೋಗಿಯ ಮಾನವನ್ನಲ್ಲ. ಗೋರಿಯ ಮೇಲೆ ಹೆಸರು ಕೆತ್ತಿಸಿದರೆ ರೋಗಿಗೆ ಆಗುವ ನಷ್ಟವೇನು ಎಂದು ಇಲಾಖೆ ಹೇಳಬೇಕು.